‘ಟ್ರೂ ಗ್ರಿಟ್’: ಕೆಚ್ಚು ಯಾರದು, ಮುದುಕನದೋ ಹುಡುಗಿಯದೋ?

ಓದುಗರ ಪ್ರಶ್ನೆ: ಜಾನ್ ವೇಯ್ನ್‌ಗೆ ಆಸ್ಕರ್ ತಂದುಕೊಟ್ಟ ‘ಟ್ರೂ ಗ್ರಿಟ್’ ಚಿತ್ರವನ್ನು ಕೋಯೆನ್ ಸಹೋದರರು ಮತ್ತೆ ತಯಾರಿಸುವ ಅಗತ್ಯವೇನಿತ್ತು? ಎರಡರಲ್ಲಿ ಯಾರ ಅಭಿನಯ ಮೇಲು?

ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೂಲ ಕಾದಂಬರಿಯಲ್ಲಿ ಇದು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಕಥೆ. 1969ರಲ್ಲಿ ಅದು ಜಾನ್ ವೇಯ್ನ್ ಅವರ ಕಥೆಯಾಯಿತು. 2010ರಲ್ಲಿ ನಿರ್ದೇಶಕರಾದ ಜೋಯೆಲ್ ಮತ್ತು ಈಥನ್ ಕೋಯೆನ್ ಅದನ್ನು ಹುಡುಗಿಗೆ ಮರಳಿಸಿದರು. ಅಭಿನಯದ ಮಾತು ಬಂದಾಗ ಎಲ್ಲರೂ ವೇಯ್ನ್ ಮತ್ತು ಜೆಫ್ ಬ್ರಿಜಸ್ ಅವರನ್ನು ತಕ್ಕಡಿಗೆ ಹಾಕುತ್ತಾರೆ. ನನ್ನ ಮಟ್ಟಿಗೆ ಎರಡೂ ಚಿತ್ರಗಳನ್ನು ಸೇರಿಸಿ ನೋಡಿದರೂ ಅತಿ ದೊಡ್ಡ ಅಭಿನಯ, ಹೊಸ ಚಿತ್ರದಲ್ಲಿ ಆ ಹುಡುಗಿಯಾಗಿ ನಟಿಸಿದ, ಚಿತ್ರೀಕರಣದ ಹೊತ್ತಿಗೆ ಹದಿಮೂರು ವರ್ಷವಾಗಿದ್ದ ಹೇಲಿ ಸ್ಟೈನ್‌ಫೆಲ್ಡ್ ಅವರದು. ಏಕೆಂದು ವಿವರಿಸಲು ಕಥೆಯ ಕೊನೆಯನ್ನೂ ಹೇಳಬೇಕಾಗುತ್ತದೆ. ಚಿತ್ರ ನೋಡದವರು ನೋಡಿ ಬಂದು ಮುಂದೆ ಓದಬಹುದು.

ಕಥೆ ನಡೆಯುವುದು 1870ರ ದಶಕದ ಅರ್ಕಾನ್ಸಾಸ್‌ನಲ್ಲಿ. ಯೆಲ್ ಕೌಂಟಿಯ ರೈತ ಫ್ರಾಂಕ್ ರಾಸ್ ಕುದುರೆ ಕೊಳ್ಳಲು ಫೋರ್ಟ್ ಸ್ಮಿತ್ ಪಟ್ಟಣಕ್ಕೆ ಹೋದಾಗ, ಅವನ ಆಳು ಟಾಮ್ ಚೇನಿಯೇ ಅವನನ್ನು ಗುಂಡಿಟ್ಟು ಕೊಂದು ಇಂಡಿಯನ್ ಟೆರಿಟರಿಗೆ, ಅಂದರೆ ಇಂದಿನ ಓಕ್ಲಹೋಮಕ್ಕೆ, ಪರಾರಿಯಾಗುತ್ತಾನೆ. ಅಲ್ಲಿಗೆ ಊರಿನ ಪೊಲೀಸರ ಕೈ ಚಾಚುವುದಿಲ್ಲ. ಹೋಗಬಲ್ಲವರು ಫೋರ್ಟ್ ಸ್ಮಿತ್‌ನ ಫೆಡರಲ್ ನ್ಯಾಯಾಲಯದ ಮಾರ್ಷಲ್‌ಗಳು ಮಾತ್ರ. ಆ ನ್ಯಾಯಾಲಯ ಕಟ್ಟುಕಥೆಯಲ್ಲ. ಅಲ್ಲಿ 1875ರಿಂದ 1896ರವರೆಗೆ ಕುಳಿತಿದ್ದ ನ್ಯಾಯಾಧೀಶ ಐಸಾಕ್ ಪಾರ್ಕರ್ 160 ಜನರಿಗೆ ಮರಣದಂಡನೆ ವಿಧಿಸಿದರು, 79 ಜನ ಗಲ್ಲಿಗೇರಿದರು. ಈ ಊರಿಗೆ ಕೊಲೆಯಾದವನ ಮಗಳು ಮ್ಯಾಟಿ ರಾಸ್ ಬಂದು, ಅತ್ಯಂತ ನಿರ್ದಯಿ ಮಾರ್ಷಲ್ ಯಾರೆಂದು ವಿಚಾರಿಸಿ, ಒಕ್ಕಣ್ಣಿನ ಕುಡುಕ ರೂಸ್ಟರ್ ಕಾಗ್‌ಬರ್ನ್‌ನನ್ನು ಹಣ ಕೊಟ್ಟು ಗೊತ್ತುಮಾಡಿಕೊಳ್ಳುತ್ತಾಳೆ. ಚೇನಿಯನ್ನೇ ಹುಡುಕುತ್ತಿರುವ ಟೆಕ್ಸಸ್ ರೇಂಜರ್ ಲಬೀಫ್ ಜೊತೆ ಸೇರುತ್ತಾನೆ. ಮೂವರೂ ಚಳಿಗಾಲದ ಕಾಡಿಗೆ ಹೊರಡುತ್ತಾರೆ.

ಚಾರ್ಲ್ಸ್ ಪೋರ್ಟಿಸ್ ಈ ಕಾದಂಬರಿಯನ್ನು 1968ರಲ್ಲಿ ಪ್ರಕಟಿಸಿದರು. ಪೋರ್ಟಿಸ್ ಅರ್ಕಾನ್ಸಾಸ್‌ನವರೇ, ಕೊರಿಯಾ ಯುದ್ಧದಲ್ಲಿ ಸೈನಿಕರಾಗಿದ್ದು ಆಮೇಲೆ ಪತ್ರಕರ್ತರಾದವರು. ಓದುವ ದಿನಗಳಲ್ಲಿ ಸ್ಥಳೀಯ ಪತ್ರಿಕೆಯೊಂದರಲ್ಲಿ ಅವರಿಗಿದ್ದ ಕೆಲಸ, ಹಳ್ಳಿಯ ಹೆಂಗಸರು ಬರೆದು ಕಳುಹಿಸುತ್ತಿದ್ದ ವರದಿಗಳನ್ನು ತಿದ್ದುವುದು. ಮ್ಯಾಟಿಯ ದನಿಗೆ ಮೂಲ ಅಲ್ಲಿಯೇ ಇದ್ದಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕಾದಂಬರಿಯನ್ನು ಹೇಳುವವಳು ಮುದುಕಿಯಾದ ಮ್ಯಾಟಿ. ಮದುವೆಯಾಗದೆ ಉಳಿದವಳು, ಒಂದು ಕೈ ಇಲ್ಲದವಳು, ಬೈಬಲ್ ಮತ್ತು ಲೆಕ್ಕದ ಪುಸ್ತಕ ಎರಡನ್ನೂ ಒಂದೇ ಶ್ರದ್ಧೆಯಿಂದ ಓದುವವಳು. ತಂದೆಯ ಕೊಲೆಯನ್ನು ಹೇಳುವಾಗಲೂ ಅವನ ಬಳಿ ಎಷ್ಟು ಹಣವಿತ್ತು, ಕಳುವಾದದ್ದೇನು ಎಂಬುದನ್ನು ಬಿಡುವುದಿಲ್ಲ.

ಈ ದನಿಯೇ 1969ರ ಚಿತ್ರದಲ್ಲಿ ಕಳೆದುಹೋಯಿತು. ನಿರ್ದೇಶಕ ಹೆನ್ರಿ ಹ್ಯಾಥವೇ ಮತ್ತು ಚಿತ್ರಕಥೆ ಬರೆದ ಮಾರ್ಗರೀಟ್ ರಾಬರ್ಟ್ಸ್ ಪೋರ್ಟಿಸ್ ಅವರ ಸಂಭಾಷಣೆಯನ್ನು ಸಾಕಷ್ಟು ಉಳಿಸಿಕೊಂಡರು, ಆ ಶ್ರೇಯ ಅವರಿಗೆ ಸಲ್ಲಬೇಕು. ಆದರೆ ಕಥೆ ಹೇಳುವವಳನ್ನು ಕೈಬಿಟ್ಟರು. ಹಾಗೆ ಬಿಟ್ಟ ಮೇಲೆ ತೆರೆಯ ಮೇಲೆ ಅತಿ ದೊಡ್ಡದಾಗಿ ಕಾಣುವವರು ಸಹಜವಾಗಿ ರೂಸ್ಟರ್ ಆಗಿದ್ದ ವೇಯ್ನ್. ಮ್ಯಾಟಿಯಾಗಿದ್ದ ಕಿಮ್ ಡಾರ್ಬಿ ಅವರಿಗೆ ಆಗ ಇಪ್ಪತ್ತೊಂದು ವರ್ಷ. ಅವರು ಚುರುಕಾಗಿಯೇ ನಟಿಸಿದ್ದಾರೆ, ಆದರೆ ಮಗುವೊಂದು ದೊಡ್ಡವರ ಲೋಕಕ್ಕೆ ನುಗ್ಗಿದಾಗ ಹುಟ್ಟಬೇಕಾದ ಗಾಬರಿ ಅವರನ್ನು ನೋಡಿದಾಗ ಹುಟ್ಟುವುದಿಲ್ಲ. ರೇಂಜರ್ ಪಾತ್ರಕ್ಕೆ ಬಂದ ಗ್ಲೆನ್ ಕ್ಯಾಂಪ್‌ಬೆಲ್ ಮಧುರ ಕಂಠದ ಗಾಯಕ. ಶೀರ್ಷಿಕೆ ಗೀತೆಯನ್ನು ಚೆನ್ನಾಗಿ ಹಾಡಿದ್ದಾರೆ, ಅಷ್ಟೇ.

ಇನ್ನು ವೇಯ್ನ್. ಇವರನ್ನು ಹಗುರವಾಗಿ ಕಾಣುವವರನ್ನು ನಾನು ಒಪ್ಪುವುದಿಲ್ಲ. ಚಿತ್ರೀಕರಣ ನಡೆದಾಗ ಅವರಿಗೆ ಅರವತ್ತೊಂದು. 1964ರಲ್ಲಿ ಕ್ಯಾನ್ಸರ್‌ನಿಂದ ಒಂದು ಶ್ವಾಸಕೋಶವನ್ನೇ ತೆಗೆಸಿಕೊಂಡಿದ್ದವರು. ಹೊಟ್ಟೆ ಬಂದಿದೆ, ಏದುಸಿರಿದೆ, ಮೂವತ್ತು ವರ್ಷ ಎದೆಯುಬ್ಬಿಸಿ ನಡೆದ ನಾಯಕನ ದೇಹ ಈಗ ಕುದುರೆಯಿಂದ ಬೀಳುವ ದೇಹ. ಅದನ್ನು ಅವರು ಮುಚ್ಚಿಡದೆ ಪಾತ್ರಕ್ಕೆ ಕೊಟ್ಟುಬಿಟ್ಟರು. ರಾತ್ರಿ ಹೊಂಚು ಹಾಕಿ ಕುಳಿತಾಗ ರೂಸ್ಟರ್ ತನ್ನನ್ನು ಬಿಟ್ಟುಹೋದ ಹೆಂಡತಿಯ ಬಗ್ಗೆ, ತನ್ನನ್ನು ಕಂಡರಾಗದ ಮಗನ ಬಗ್ಗೆ ಹುಡುಗಿಗೆ ಹೇಳುವ ದೃಶ್ಯವೊಂದಿದೆ. ತನ್ನ ಬಾಳಿನಲ್ಲಿ ನಟಿಸಿದ ಅತ್ಯುತ್ತಮ ದೃಶ್ಯಗಳಲ್ಲಿ ಅದೊಂದೆಂದು ವೇಯ್ನ್ ಸ್ವತಃ ಭಾವಿಸಿದ್ದರು. ಅಲ್ಲಿ ಅವರು ದನಿ ಎತ್ತುವುದಿಲ್ಲ, ಕನಿಕರ ಬೇಡುವುದಿಲ್ಲ, ಯಾರದೋ ಸುದ್ದಿ ಹೇಳಿದಂತೆ ಹೇಳಿ ಮುಗಿಸುತ್ತಾರೆ. ಕೊನೆಯಲ್ಲಿ ಲಗಾಮನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕೈಯಲ್ಲಿ ಬಂದೂಕು ಹಿಡಿದು, ನಾಲ್ವರ ಮೇಲೆ ಒಬ್ಬನೇ ಕುದುರೆ ನುಗ್ಗಿಸುವ ಹೊಡೆದಾಟವನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಆ ರಾತ್ರಿಯ ಮಾತೇ ಹೆಚ್ಚು.

1970ರ ಏಪ್ರಿಲ್‌ನಲ್ಲಿ ಡಸ್ಟಿನ್ ಹಾಫ್‌ಮನ್, ಜಾನ್ ವಾಯ್ಟ್, ರಿಚರ್ಡ್ ಬರ್ಟನ್ ಮತ್ತು ಪೀಟರ್ ಓಟೂಲ್ ಎದುರಿಗಿದ್ದರೂ ಆಸ್ಕರ್ ವೇಯ್ನ್ ಪಾಲಾಯಿತು. ಅದು ಅವರು ಗೆದ್ದ ಒಂದೇ ಆಸ್ಕರ್. ಹೀಗಾಗುತ್ತದೆಂದು ಗೊತ್ತಿದ್ದರೆ ಮೂವತ್ತೈದು ವರ್ಷ ಮುಂಚೆಯೇ ಕಣ್ಣಿಗೆ ಆ ಪಟ್ಟಿ ಕಟ್ಟುತ್ತಿದ್ದೆ ಎಂದು ವೇದಿಕೆಯ ಮೇಲೆ ಹೇಳಿದರು. ಪೋರ್ಟಿಸ್ ಅವರ ರೂಸ್ಟರ್‌ಗೆ ಒಂದು ಕಣ್ಣಿಲ್ಲ, ನಿಜ. ಆದರೆ ಅವನು ಪಟ್ಟಿ ಕಟ್ಟುವುದಿಲ್ಲ, ವಯಸ್ಸೂ ನಲವತ್ತರ ಆಸುಪಾಸು. ಪಟ್ಟಿಯೂ ಮುಪ್ಪೂ ವೇಯ್ನ್ ಜೊತೆಗೆ ಬಂದವು. ಅವು ಎಷ್ಟು ಗಟ್ಟಿಯಾಗಿ ಅಂಟಿಕೊಂಡವೆಂದರೆ, ಪುಸ್ತಕಕ್ಕೇ ಮರಳುತ್ತೇವೆಂದು ಹೊರಟ ಕೋಯೆನ್ ಸಹೋದರರೂ ಅವನ್ನು ಬಿಡಲಾಗಲಿಲ್ಲ. ಅವರ ರೂಸ್ಟರ್ ಆದ ಬ್ರಿಜಸ್‌ಗೂ ಆಗ ಅರವತ್ತು. ಒಂದೇ ಬದಲಾವಣೆ, ವೇಯ್ನ್ ಅವರ ಎಡಗಣ್ಣಿನ ಮೇಲಿದ್ದ ಪಟ್ಟಿ ಬ್ರಿಜಸ್ ಅವರ ಬಲಗಣ್ಣಿಗೆ ಬಂತು.

ನಮ್ಮಲ್ಲಿ ರೀಮೇಕ್ ಎಂಬ ಮಾತಿಗೆ ಬೇರೆಯೇ ಅರ್ಥವಿದೆ. ಪಕ್ಕದ ಭಾಷೆಯಲ್ಲಿ ಗೆದ್ದ ಚಿತ್ರವನ್ನು, ಅದರ ನೆನಪು ಆರುವ ಮೊದಲೇ, ದೃಶ್ಯಕ್ಕೆ ದೃಶ್ಯ ಕನ್ನಡಕ್ಕೆ ತರುವುದು. ದಶಕಗಳ ಕಾಲ ಡಬ್ಬಿಂಗ್ ಇಲ್ಲದಿದ್ದ ಚಿತ್ರರಂಗದಲ್ಲಿ ಅದಕ್ಕೆ ಕಾರಣವೂ ಇತ್ತು. ಆ ಅರ್ಥವನ್ನು ಇಲ್ಲಿ ಹಚ್ಚಿದರೆ ಕೋಯೆನ್ ಸಹೋದರರ ಕೆಲಸ ಅರ್ಥವಾಗುವುದಿಲ್ಲ. ಭಾಷೆ ಅದೇ, ದೇಶ ಅದೇ, ತಯಾರಿಸಿದ ಪ್ಯಾರಾಮೌಂಟ್ ಸಂಸ್ಥೆಯೂ ಅದೇ, ನಡುವೆ ನಲವತ್ತೊಂದು ವರ್ಷ. ಹಳೆಯ ಚಿತ್ರವನ್ನಲ್ಲ, ಪುಸ್ತಕವನ್ನು ನೋಡು ಎಂದೇ ಅವರು ಬ್ರಿಜಸ್‌ಗೆ ಹೇಳಿದ್ದು.

ಪುಸ್ತಕದಿಂದ ಅವರು ತಂದದ್ದರಲ್ಲಿ ಮೊದಲನೆಯದು ಮಾತಿನ ರೀತಿ. ಇಂಗ್ಲಿಷಿನಲ್ಲಿ ಆಡುವಾಗ ಪದಗಳನ್ನು ಕೂಡಿಸಿ ಮೊಟಕುಗೊಳಿಸುವುದು ರೂಢಿ. ಪೋರ್ಟಿಸ್ ಅವರ ಪಾತ್ರಗಳು ಹಾಗೆ ಮಾಡುವುದು ಅಪರೂಪ. ‘ಮಾಡ್ತೀನಿ’ ಎನ್ನುವ ಕಡೆ ಕೊಲೆಗಡುಕನೂ ‘ಮಾಡುತ್ತೇನೆ’ ಎಂದೇ ಹೇಳಿದರೆ ಹೇಗಿರುತ್ತದೋ ಹಾಗೆ. ಕನ್ನಡದವರಿಗೆ ಇದರ ರುಚಿ ಬೇಗ ಹತ್ತಬೇಕು. ಹಳೆಯ ಪೌರಾಣಿಕ ಚಿತ್ರಗಳಲ್ಲಿ ಪೂರ್ತಿ ಗ್ರಾಂಥಿಕದಲ್ಲಿ ನಡೆಯುವ ವಾಗ್ವಾದದ ಬಿಗಿ ನಮಗೆ ಗೊತ್ತು. ಆ ಬಿಗಿ ಮಾತನ್ನು ಹದಿಮೂರರ ಹುಡುಗಿಯ ಬಾಯಲ್ಲಿ ಇಡುವುದು ದೊಡ್ಡ ಅಪಾಯ. ಸ್ವಲ್ಪ ತಪ್ಪಿದರೆ ಬಾಯಿಪಾಠ ಒಪ್ಪಿಸಿದಂತೆ ಕೇಳುತ್ತದೆ. ಸುಮಾರು 15,000 ಹುಡುಗಿಯರ ನಡುವಿನಿಂದ ಸ್ಟೈನ್‌ಫೆಲ್ಡ್ ಅವರನ್ನು ಆರಿಸಿದ್ದು ಆ ಮಾತು ಅವರ ನಾಲಿಗೆಯಲ್ಲಿ ನಿಂತಿತೆಂಬ ಕಾರಣಕ್ಕೇ.

ಕುದುರೆ ವ್ಯಾಪಾರಿ ಸ್ಟೋನ್‌ಹಿಲ್‌ನ ಕಚೇರಿಯ ದೃಶ್ಯವನ್ನು ಎರಡೂ ಚಿತ್ರಗಳಲ್ಲಿ ಒಂದರ ಹಿಂದೆ ಒಂದರಂತೆ ನೋಡಿ. ಸತ್ತ ತಂದೆ ಕೊಂಡಿದ್ದ ಕುದುರೆಮರಿಗಳನ್ನು ವ್ಯಾಪಾರಿ ವಾಪಸು ತೆಗೆದುಕೊಳ್ಳಬೇಕು, ಅವನ ಲಾಯದಿಂದ ಕಳುವಾದ ತಂದೆಯ ಸವಾರಿ ಕುದುರೆಗೆ ಪರಿಹಾರ ಕೊಡಬೇಕು ಎಂಬುದು ಮ್ಯಾಟಿಯ ಬೇಡಿಕೆ. ಕೊಡದಿದ್ದರೆ ವಕೀಲ ಡ್ಯಾಗೆಟ್ ಇದ್ದಾರೆ. 1969ರಲ್ಲಿ ಸ್ಟ್ರೋದರ್ ಮಾರ್ಟಿನ್ ಈ ವ್ಯಾಪಾರಿಯನ್ನು ಗೋಳಿನ ಮುದುಕನಂತೆ ಸೊಗಸಾಗಿ ಆಡಿದ್ದಾರೆ, ದೃಶ್ಯದ ನಗೆಯೆಲ್ಲ ಅವರ ಪಾಲಿನದು. 2010ರಲ್ಲಿ ಡೇಕಿನ್ ಮ್ಯಾಥ್ಯೂಸ್ ಗತ್ತಿನಿಂದ ಶುರುಮಾಡುತ್ತಾರೆ, ಎದುರಿಗಿರುವುದು ಎರಡು ಜಡೆಯ ಮಗು ಎಂಬ ಧೈರ್ಯ. ಸ್ಟೈನ್‌ಫೆಲ್ಡ್ ಕಣ್ಣು ಕದಲಿಸುವುದಿಲ್ಲ. ಅವರು ಒಂದು ಮೊತ್ತ ಹೇಳುತ್ತಾರೆ, ಅದನ್ನು ಬಿಡಿಸಿ ಹೇಳುತ್ತಾರೆ, ವ್ಯಾಪಾರಿ ಕುದುರೆಮರಿ ಬೇಡವೆಂದಾಗ ಆ ಬೆಲೆಯನ್ನೂ ಕಳುವಾದ ಕುದುರೆಯ ತಲೆಗೆ ಕಟ್ಟಿ ಅದೇ ಮೊತ್ತಕ್ಕೆ ಬಂದು ನಿಲ್ಲುತ್ತಾರೆ. ಮುಖದಲ್ಲಿ ಜಾಣತನದ ಹೆಮ್ಮೆ ಇಲ್ಲ. ತಂದೆ ಸತ್ತಿದ್ದಾನೆ, ತಾಯಿಗೆ ಲೆಕ್ಕ ಬಾರದು, ಆದ್ದರಿಂದ ಇದನ್ನು ಮಾಡಿ ಮುಗಿಸಬೇಕು, ಅಷ್ಟು ಮಾತ್ರ ಇದೆ. ಮರುದಿನ ಅದೇ ವ್ಯಾಪಾರಿಯಿಂದ ಅದೇ ಹಿಂಡಿನ ಮರಿಯೊಂದನ್ನು ಅಗ್ಗವಾಗಿ ಕೊಂಡು ಲಿಟ್ಲ್ ಬ್ಲ್ಯಾಕಿ ಎಂದು ಹೆಸರಿಡುವಾಗ ಮೊದಲ ಬಾರಿ ಮಗುವಿನ ಮುಖ ಕಾಣುತ್ತದೆ.

ಬ್ರಿಜಸ್ ಇಂಥ ಹುಡುಗಿಗೆ ಜಾಗ ಬಿಟ್ಟುಕೊಟ್ಟಿದ್ದಾರೆ, ಅದೇ ಅವರ ದೊಡ್ಡತನ. ಅವರ ರೂಸ್ಟರ್ ಮೊದಲು ಬರುವುದು ಬರೀ ದನಿಯಾಗಿ, ಕಕ್ಕಸಿನ ಮುಚ್ಚಿದ ಬಾಗಿಲಿನ ಹಿಂದಿನಿಂದ. ಮಾತು ಗಂಟಲಲ್ಲೇ ಉರುಳಿ ಅರ್ಧ ಮಾತ್ರ ಹೊರಬರುತ್ತದೆ. ಈ ಗೊಣಗು ಅತಿಯಾಯಿತೆನ್ನುವವರು ಇದ್ದಾರೆ, ಕೆಲವು ಕಡೆ ಉಪಶೀರ್ಷಿಕೆಯಿಲ್ಲದೆ ನನಗೂ ತಿಳಿಯಲಿಲ್ಲ. ಆದರೆ ವೇಯ್ನ್ ಬಂದೊಡನೆ ಪ್ರೇಕ್ಷಕನಿಗೆ ನೆಮ್ಮದಿ ಸಿಗುತ್ತದೆ, ಇವನಿದ್ದಾನೆ ಎಂದು. ಬ್ರಿಜಸ್ ಜೊತೆ ಆ ನೆಮ್ಮದಿ ಇಲ್ಲ. ಈ ಕುಡುಕನನ್ನು ನಂಬಿ ಹುಡುಗಿ ಹೊರಟಳಲ್ಲ ಎಂಬ ಆತಂಕ ಕೊನೆಯವರೆಗೂ ಉಳಿಯುತ್ತದೆ. ಮ್ಯಾಟ್ ಡೇಮನ್ ಅವರ ಲಬೀಫ್ ಬಗ್ಗೆ ಕಡಿಮೆ ಜನ ಮಾತಾಡುತ್ತಾರೆ. ಜಂಬದ, ಮಾತಿನ ಮಲ್ಲ ರೇಂಜರ್ ನಾಲಿಗೆ ಕಚ್ಚಿಕೊಂಡ ಮೇಲೆ ತೊದಲುತ್ತಲೇ ಘನತೆ ಉಳಿಸಿಕೊಳ್ಳಲು ಹೆಣಗುವುದನ್ನು ಅವರು ತುಂಬಾ ಮಮತೆಯಿಂದ ಆಡಿದ್ದಾರೆ. ಜಾಶ್ ಬ್ರೋಲಿನ್ ಅವರ ಚೇನಿ ಬರುವುದು ಬಹಳ ತಡವಾಗಿ. ರಾಕ್ಷಸನನ್ನು ಕಾಯುತ್ತಿದ್ದವರಿಗೆ ಸಿಗುವುದು ತನ್ನ ದುರದೃಷ್ಟವನ್ನೇ ಹಳಿಯುವ ಮಂದಬುದ್ಧಿಯ ಮನುಷ್ಯ.

ಹೊಸ ಚಿತ್ರ ಪುಸ್ತಕಕ್ಕೆ ಅಕ್ಷರಶಃ ನಿಷ್ಠವೆಂಬ ಮಾತು ಮಾತ್ರ ಪೂರ್ತಿ ಸರಿಯಲ್ಲ. ಮರದ ಮೇಲೆ ತೂಗುವ ಹೆಣ, ಕರಡಿ ಚರ್ಮ ಹೊದ್ದು ಬರುವ ವೈದ್ಯ, ಇವು ಕೋಯೆನ್ ಸಹೋದರರು ಸೇರಿಸಿದವು. ಪುಸ್ತಕದಲ್ಲಿ ಮ್ಯಾಟಿಯ ಗುಂಡು ಚೇನಿಯನ್ನು ಮುಗಿಸುವುದಿಲ್ಲ, ರೂಸ್ಟರ್ ಮುಗಿಸಬೇಕಾಗುತ್ತದೆ. ಹೊಸ ಚಿತ್ರದಲ್ಲಿ ಅವಳೇ ಕೊಲ್ಲುತ್ತಾಳೆ, ಬಂದೂಕು ಒದ್ದ ರಭಸಕ್ಕೆ ಹಾವುಗಳ ಗುಂಡಿಗೆ ಬೀಳುತ್ತಾಳೆ. ಸೇಡಿನ ಹೊರೆಯನ್ನು ಪೂರ್ತಿ ಅವಳ ಹೆಗಲಿಗೇ ಹೊರಿಸಿದ ಈ ಬದಲಾವಣೆ ನನಗೆ ಸರಿಯೆನಿಸಿದೆ.

ಹಿನ್ನೆಲೆಯ ಮಾತನ್ನೂ ಹೇಳಬೇಕು. ಹಳೆಯ ಚಿತ್ರವನ್ನು ಹೆಚ್ಚಾಗಿ ಕೊಲೊರಾಡೊದ ಬೆಟ್ಟಗಳಲ್ಲಿ, ಎಲೆಗಳು ಹಳದಿಯಾಗಿದ್ದ ಕಾಲದಲ್ಲಿ ತೆಗೆದರು. ಕಣ್ಣಿಗೆ ಹಬ್ಬ, ಕಥೆ ನಡೆಯುವ ನೆಲಕ್ಕೆ ಹೋಲಿಕೆಯಿಲ್ಲ. ಹೊಸದನ್ನು ನ್ಯೂ ಮೆಕ್ಸಿಕೊ ಮತ್ತು ಟೆಕ್ಸಸ್‌ನಲ್ಲಿ ರಾಜರ್ ಡೀಕಿನ್ಸ್ ಬೋಳು ಮರ, ಬೂದು ಆಕಾಶಗಳ ನಡುವೆ ಸೆರೆಹಿಡಿದರು. ಕಾರ್ಟರ್ ಬರ್ವೆಲ್ ಸಂಗೀತ ಕಟ್ಟಿದ್ದು 1887ರ ಒಂದು ಕ್ರೈಸ್ತ ಕೀರ್ತನೆಯ ಮೇಲೆ. ಮ್ಯಾಟಿಯಂಥವಳು ಚರ್ಚಿನಲ್ಲಿ ಹಾಡುವಂಥ ರಾಗ.

ಚಿತ್ರಕ್ಕೆ ಹತ್ತು ಆಸ್ಕರ್ ನಾಮನಿರ್ದೇಶನ ಬಂದವು, ಒಂದೂ ಗೆಲ್ಲಲಿಲ್ಲ. ಅದಕ್ಕಿಂತ ನನ್ನನ್ನು ಕಾಡುವ ಸಂಗತಿ, ಚಿತ್ರದ ಬಹುತೇಕ ಎಲ್ಲ ದೃಶ್ಯಗಳಲ್ಲೂ ಇರುವ ಸ್ಟೈನ್‌ಫೆಲ್ಡ್ ಅವರನ್ನು ‘ಪೋಷಕ ನಟಿ’ ವಿಭಾಗದಲ್ಲಿ ಇಟ್ಟದ್ದು. ಕಥೆಯನ್ನು ಹುಡುಗಿಗೆ ಮರಳಿಸಿದ ಚಿತ್ರದಲ್ಲೂ ಪ್ರಶಸ್ತಿಯ ಪಟ್ಟಿ ಅವಳನ್ನು ಮುದುಕನ ಪಕ್ಕದವಳೆಂದೇ ಬರೆದುಕೊಂಡಿತು. ಇದು ಅನ್ಯಾಯ.

ಎರಡು ಚಿತ್ರಗಳು ನಿಜವಾಗಿ ಅಗಲುವುದು ಕೊನೆಯಲ್ಲಿ. ಹಳೆಯದರಲ್ಲಿ ಲಬೀಫ್ ಸಾಯುತ್ತಾನೆ, ಮ್ಯಾಟಿಯ ಕೈ ಉಳಿಯುತ್ತದೆ. ಹಿಮ ಬಿದ್ದ ಕುಟುಂಬದ ಸ್ಮಶಾನದಲ್ಲಿ ಅವಳು ರೂಸ್ಟರ್‌ಗೆ ತನ್ನ ಪಕ್ಕದಲ್ಲೇ ಸಮಾಧಿಯ ಜಾಗ ಕೊಡುತ್ತೇನೆನ್ನುತ್ತಾಳೆ. ಈ ದಪ್ಪ ಮುದುಕನನ್ನು ಒಮ್ಮೆ ನೋಡಲು ಬಾ ಎಂದು ಹೇಳಿ, ವೇಯ್ನ್ ಕುದುರೆಯನ್ನು ಬೇಲಿ ಹಾರಿಸಿಕೊಂಡು ಹೋಗುತ್ತಾರೆ. ನಾಯಕನಿಗೆ ತಕ್ಕ ಬೀಳ್ಕೊಡುಗೆ.

ಹೊಸದರಲ್ಲಿ ಹಾವು ಕಚ್ಚಿದ ಹುಡುಗಿಯನ್ನು ಹೊತ್ತು ರೂಸ್ಟರ್ ರಾತ್ರಿಯಿಡೀ ಲಿಟ್ಲ್ ಬ್ಲ್ಯಾಕಿಯನ್ನು ಓಡಿಸುತ್ತಾನೆ. ಅವಳು ಮುದ್ದಿನಿಂದ ಹೆಸರಿಟ್ಟ ಕುದುರೆ ಓಡಿ ಓಡಿ ಕುಸಿಯುತ್ತದೆ, ನಿಲ್ಲಿಸು ಎಂದು ಅವಳು ಅಳುತ್ತಾಳೆ, ಆಮೇಲೆ ಅವನೇ ಅವಳನ್ನು ಎತ್ತಿಕೊಂಡು ಓಡುತ್ತಾನೆ. ಪ್ರಾಣ ಉಳಿಯುತ್ತದೆ, ಕೈ ಹೋಗುತ್ತದೆ. ಇಪ್ಪತ್ತೈದು ವರ್ಷದ ಮೇಲೆ, ಎಲಿಜಬೆತ್ ಮಾರ್ವೆಲ್ ನಟಿಸಿರುವ ಮ್ಯಾಟಿ ಅವನನ್ನು ಹುಡುಕಿ ಒಂದು ತಿರುಗಾಟದ ಪ್ರದರ್ಶನ ತಂಡದ ಬಳಿಗೆ ಬರುತ್ತಾಳೆ. ಹಳೆಯ ದರೋಡೆಕೋರರಾದ ಕೋಲ್ ಯಂಗರ್ ಮತ್ತು ಫ್ರಾಂಕ್ ಜೇಮ್ಸ್ ಅಲ್ಲಿ ತಂಪು ಪಾನೀಯ ಕುಡಿಯುತ್ತಾ ಕುಳಿತಿದ್ದಾರೆ. ರೂಸ್ಟರ್ ಕೆಲವೇ ದಿನಗಳ ಹಿಂದೆ ತೀರಿಕೊಂಡನೆಂದು ಯಂಗರ್ ಎದ್ದು ನಿಂತು ಮರ್ಯಾದೆಯಿಂದ ಹೇಳುತ್ತಾನೆ. ಕುಳಿತೇ ಇರುವ ಇನ್ನೊಬ್ಬನಿಗೆ ಅವಳು, ಏಳಬೇಡ, ಕೂತಿರು ಕಸವೇ ಎಂದು ಹೇಳಿ ಹೊರಡುತ್ತಾಳೆ. ಹದಿನಾಲ್ಕರಲ್ಲಿ ಕುದುರೆ ವ್ಯಾಪಾರಿಯ ಎದುರು ಕೇಳಿದ ಅದೇ ದನಿ. ಆಮೇಲೆ ರೂಸ್ಟರ್‌ನ ದೇಹವನ್ನು ತರಿಸಿ ತನ್ನ ಕುಟುಂಬದ ಸ್ಮಶಾನದಲ್ಲಿ ಹೂಳಿಸುತ್ತಾಳೆ. ಒಂದು ತೋಳು ಖಾಲಿಯಾಗಿರುವ ಕಪ್ಪು ಉಡುಪಿನಲ್ಲಿ ಸಮಾಧಿಯಿಂದ ತಿರುಗಿ, ಬಯಲಿನ ಕಡೆಗೆ ನಡೆದುಹೋಗುತ್ತಾಳೆ.