ಹಾಲು ಕುಡಿಸುವಾಗ ಬೆನ್ನು ನೋವು, ತೊಟ್ಟು ಉರಿ: ಹೇಗೆ ಕೂತರೆ ಸರಿ?

ಪ್ರಶ್ನೆ: ಮಗುವಿಗೆ ಈಗ 12 ದಿನ. ಹಾಲು ಕುಡಿಸಿ ಏಳುವಷ್ಟರಲ್ಲಿ ಬೆನ್ನು, ಹೆಗಲು ಹಿಡಿದುಕೊಂಡಿರುತ್ತದೆ. ತೊಟ್ಟೂ ಉರಿಯುತ್ತದೆ. ನಾನು ಮಗುವನ್ನು ಹಿಡಿಯುವ ರೀತಿಯೇ ತಪ್ಪಾ? ಸರಿಯಾದ ಭಂಗಿ ಯಾವುದು?

ಉತ್ತರ: ಎಲ್ಲ ತಾಯಂದಿರಿಗೂ ಒಗ್ಗುವ ಒಂದೇ ಭಂಗಿ ಅಂತ ಇಲ್ಲ. ಆದರೆ ನೀವು ಹೇಳುವ ಎರಡೂ ನೋವು ಒಟ್ಟಿಗೆ ಬಂದಿದ್ದರೆ, ನೀವು ಮಗುವಿನ ಕಡೆಗೆ ಬಗ್ಗಿ ಕೂರುತ್ತಿರಬಹುದು. ಹಸುಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಅಷ್ಟು ಸಲ ಬಗ್ಗಿದರೆ ಯಾರ ಬೆನ್ನಾದರೂ ನೋಯುತ್ತದೆ, ಅಲ್ವಾ? ಮೊದಲು ನೀವು ಒರಗಿ ಆರಾಮಾಗಿ ಕೂತುಕೊಳ್ಳಿ. ಬೆನ್ನಿಗೊಂದು ದಿಂಬು, ಮಡಿಲಲ್ಲೊಂದು ದಿಂಬು ಇರಲಿ. ಆಮೇಲೆ ಮಗುವನ್ನು ಎದೆಯ ಹತ್ತಿರ ತನ್ನಿ.

ಮಗುವಿನ ಮುಖ ಮಾತ್ರ ನಿಮ್ಮ ಕಡೆ ತಿರುಗಿದ್ದರೆ ಸಾಲದು. ಹೊಟ್ಟೆ ನಿಮ್ಮ ಮೈಗೆ ತಾಗಿರಬೇಕು. ಕಿವಿ, ಹೆಗಲು, ಸೊಂಟ ಒಂದೇ ಸಾಲಿನಲ್ಲಿರಬೇಕು. ಕುತ್ತಿಗೆ ಹೊರಳಿಸಿಕೊಂಡು ನೀರು ಕುಡಿದು ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

ಇನ್ನು ತೊಟ್ಟಿನ ಉರಿ. ನನಗೆ ಭಂಗಿಗಿಂತ ಇದೇ ಜಾಸ್ತಿ ಮುಖ್ಯ. ಮಗು ತೊಟ್ಟನ್ನಷ್ಟೇ ಚೀಪಿದರೆ ಅದು ಬಾಯಿಯ ಗಟ್ಟಿ ಅಂಗುಳಕ್ಕೆ ಉಜ್ಜಿ ಗಾಯವಾಗುತ್ತದೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋದರೆ ತೊಟ್ಟು ಹಿಂದಿನ ಮೆತ್ತನೆಯ ಅಂಗುಳದ ತನಕ ಹೋಗುತ್ತದೆ, ಉಜ್ಜುವುದಿಲ್ಲ. ಅದಕ್ಕೆ ಹೀಗೆ ಮಾಡಿ: ಮಗುವಿನ ಮೂಗು ತೊಟ್ಟಿನ ನೇರಕ್ಕೆ ಬರಲಿ. ತೊಟ್ಟನ್ನು ಮೇಲ್ದುಟಿಗೆ ಸವರಿ, ಕಾಯಿರಿ. ಮಗು ಆಕಳಿಸುವ ಹಾಗೆ ಬಾಯಿ ತೆರೆದ ತಕ್ಷಣ ಹತ್ತಿರ ಎಳೆದುಕೊಳ್ಳಿ. ತಲೆಯ ಹಿಂದೆ ಕೈಯಿಟ್ಟು ಒತ್ತಬೇಡಿ, ಮಗು ಹಿಂದಕ್ಕೆ ಸೆಟೆಯುತ್ತದೆ. ಕುತ್ತಿಗೆ ಮತ್ತು ಹೆಗಲಿಗೆ ಆಸರೆ ಕೊಟ್ಟರೆ ಸಾಕು. ಮಗುವಿನ ಗದ್ದ ನಿಮ್ಮ ಎದೆಗೆ ಒತ್ತಿಕೊಂಡು, ಕೆಳದುಟಿ ಹೊರಗೆ ಮಡಚಿಕೊಂಡಿದ್ದರೆ ಸರಿಯಾಗಿ ಹಿಡಿದಿದೆ ಎಂದರ್ಥ. ಶುರುವಿನಲ್ಲಿ ಕೆಲವು ಕ್ಷಣ ಚುರುಕ್ ಎನ್ನಬಹುದು. ನೋವು ನಿಲ್ಲದಿದ್ದರೆ ಹಲ್ಲು ಕಚ್ಚಿ ಸಹಿಸಬೇಡಿ. ಬಾಯಿಯ ಮೂಲೆಯಲ್ಲಿ ಶುಚಿಯಾದ ಬೆರಳು ತೂರಿಸಿ ಹಿಡಿತ ಬಿಡಿಸಿ, ಮತ್ತೆ ಹಿಡಿಸಿ. ಐದು ಸಲ ಆದರೂ ಪರವಾಗಿಲ್ಲ, ಇಬ್ಬರೂ ಕಲಿಯುತ್ತಿದ್ದೀರಿ.

ಮೊದಲ ವಾರಗಳಲ್ಲಿ ನಾನು ಹೇಳುವುದು ಅಡ್ಡಗೈ ಹಿಡಿತ. ಎಡ ಎದೆಯಿಂದ ಕುಡಿಸುವಾಗ ಮಗು ನಿಮ್ಮ ಬಲ ಮುಂಗೈ ಮೇಲಿರುತ್ತದೆ, ಬಲ ಅಂಗೈ ಅದರ ಕುತ್ತಿಗೆಯ ಹಿಂದಿರುತ್ತದೆ. ಎಡಗೈ ಎದೆಗೆ ಆಸರೆ. ಹೀಗಾದರೆ ಮಗುವಿನ ತಲೆ ನಿಮ್ಮ ಹತೋಟಿಯಲ್ಲಿರುತ್ತದೆ. ಮೊಣಕೈ ಸಂದಿನಲ್ಲಿ ತಲೆ ಇಟ್ಟು ಕುಡಿಸುವ ಎಲ್ಲರಿಗೂ ಗೊತ್ತಿರುವ ರೀತಿ ಮಗುವಿನ ಕುತ್ತಿಗೆ ಸ್ವಲ್ಪ ನಿಂತ ಮೇಲೆ ಸುಲಭ.

ಸಿಸೇರಿಯನ್ ಆಗಿದ್ದರೆ ಹೊಲಿಗೆಯ ಮೇಲೆ ಭಾರ ಬೀಳಬಾರದು. ಮಗುವನ್ನು ಕಂಕುಳ ಕೆಳಗೆ, ಕಾಲು ನಿಮ್ಮ ಬೆನ್ನಿನ ಕಡೆ ಇರುವಂತೆ, ದಿಂಬಿನ ಮೇಲೆ ಮಲಗಿಸಿಕೊಳ್ಳಿ. ಅವಳಿ ಮಕ್ಕಳಿಗೂ ಇದೇ ಅನುಕೂಲ. ಹಾಲು ರಭಸವಾಗಿ ಬಂದು ಮಗು ಕೆಮ್ಮುತ್ತಿದ್ದರೆ ನೀವು ಹಿಂದಕ್ಕೆ ಒರಗಿ, ಮಗುವನ್ನು ಎದೆಯ ಮೇಲೆ ಬೋರಲು ಮಲಗಿಸಿ ಕುಡಿಸಿ ನೋಡಿ.

ರಾತ್ರಿ ಮಗ್ಗುಲಾಗಿ ಎದುರುಬದುರು ಮಲಗಿ ಕುಡಿಸಬಹುದು. ಆಗ ಮಗುವಿನ ಮುಖದ ಹತ್ತಿರ ದಿಂಬು, ಹೊದಿಕೆ ಬೇಡ. ನಿದ್ದೆ ತೂಗುತ್ತಿರುವಾಗ ಸೋಫಾ ಮೇಲೆ ಕೂತು ಮಾತ್ರ ಕುಡಿಸಬೇಡಿ. ಮಗು ಸಂದಿಯಲ್ಲಿ ಸಿಕ್ಕಿ ಉಸಿರು ಕಟ್ಟುವ ಅಪಾಯ ನಿಜಕ್ಕೂ ಇದೆ.

ಇಷ್ಟೆಲ್ಲ ಮಾಡಿಯೂ ತೊಟ್ಟು ಬಿರಿದರೆ, ಅಥವಾ ಮಗು ದಿನಕ್ಕೆ 6 ಸಲಕ್ಕಿಂತ ಕಡಿಮೆ ಉಚ್ಚೆ ಹೊಯ್ದರೆ ವೈದ್ಯರನ್ನೋ ನರ್ಸನ್ನೋ ಕಂಡು, ಅವರೆದುರೇ ಒಮ್ಮೆ ಕುಡಿಸಿ ತೋರಿಸಿ. ಎದೆ ಕೆಂಪಾಗಿ, ಗಟ್ಟಿಯಾಗಿ ಜ್ವರ ಬಂದರೆ ಅವತ್ತೇ ಹೋಗಿ. ಹಾಗಂತ ಆ ಎದೆಯಿಂದ ಕುಡಿಸುವುದನ್ನು ನೀವಾಗಿಯೇ ನಿಲ್ಲಿಸಬೇಡಿ.