ಊದಿದ ಪಾರ್ಟಿಕಲ್ ಬೋರ್ಡು ಬಿಸಿಲಿಗೆ ಇಳಿಯುವುದಿಲ್ಲ

ಪ್ರಶ್ನೆ: ಸಿಂಕಿನ ಕೆಳಗಿನ ಕಪಾಟಿನ ಹಲಗೆ ನೀರು ತಾಗಿ ಊದಿಕೊಂಡಿದೆ. ಬಾಗಿಲಿನ ಹಿಂಜು ಸ್ಕ್ರೂ ಸಮೇತ ಕಿತ್ತು ಬಂದಿದೆ. ಹಲಗೆಯನ್ನು ನಾಲ್ಕು ದಿನ ತಾರಸಿಯ ಬಿಸಿಲಿನಲ್ಲಿಟ್ಟು, ಮೇಲೆ ಭಾರ ಹೇರಿದರೆ ಮೊದಲಿನ ಹಾಗೆ ಆಗುವುದೇ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ಆಗುವುದಿಲ್ಲ. ಈ ಮಾತನ್ನು ಎಷ್ಟು ಸಲ ಬರೆದಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ನಲ್ಲಿ ನೀರು ಬಂದ ದಿನ ಡ್ರಮ್ಮು ತುಂಬಿ ಹರಿದು ಹಲಗೆ ನೆನೆದಿರಲಿ, ಸಿಂಕಿನ ಪೈಪು ಸೋರಿ ನೆನೆದಿರಲಿ, ಪ್ರಶ್ನೆಯ ಕೊನೆಯಲ್ಲಿ ಆ ಬಿಸಿಲು ಮತ್ತು ಆ ಭಾರ ಇದ್ದೇ ಇರುತ್ತವೆ. ಭಾರಕ್ಕೆ ಕೆಲವರು ರುಬ್ಬುವ ಕಲ್ಲನ್ನು ಹೇಳುತ್ತಾರೆ, ಕೆಲವರು ತುಂಬಿದ ಗ್ಯಾಸ್ ಸಿಲಿಂಡರನ್ನು.

ಈ ನಂಬಿಕೆ ದಡ್ಡತನದಿಂದ ಹುಟ್ಟಿದ್ದಲ್ಲ ಎಂಬುದನ್ನು ಮೊದಲೇ ಒಪ್ಪುತ್ತೇನೆ. ಆಷಾಢದಲ್ಲಿ ಎಷ್ಟು ತಳ್ಳಿದರೂ ಮುಚ್ಚದ ತೇಗದ ಬಾಗಿಲು ಬೇಸಿಗೆಯ ಹೊತ್ತಿಗೆ ತಾನಾಗಿಯೇ ಸಡಿಲವಾಗುವುದನ್ನು ಕಂಡು ಬೆಳೆದವರು ನಾವು. ಗಟ್ಟಿ ಮರ ತೇವ ಹೀರಿ ಹಿಗ್ಗುತ್ತದೆ, ತೇವ ಆರಿದಾಗ ಕುಗ್ಗುತ್ತದೆ. ಹಿರಿಯರ ಆ ಅನುಭವ ಮರದ ಮಟ್ಟಿಗೆ ಸಂಪೂರ್ಣ ಸತ್ಯ. ಅದನ್ನು ಮರವೇ ಅಲ್ಲದ ವಸ್ತುವಿಗೆ ಅನ್ವಯಿಸುವುದರಲ್ಲಿ ತಪ್ಪು ಇದೆ.

ಪಾರ್ಟಿಕಲ್ ಬೋರ್ಡೆಂದರೆ ಮರದ ಚೂರು ಮತ್ತು ಹೊಟ್ಟಿಗೆ ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಎಂಬ ಅಂಟನ್ನು ಸಿಂಪಡಿಸಿ, 150 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಲ್ಲಿ ಯಂತ್ರದ ನಡುವೆ ಒತ್ತಿ ಮಾಡಿದ ಹಲಗೆ. ಒಳಗಿನ ಒಂದೊಂದು ಚೂರೂ ತನ್ನ ಸಹಜ ದಪ್ಪವನ್ನು ಕಳೆದುಕೊಂಡು ಚಪ್ಪಟೆಯಾಗಿ, ಅಂಟಿನ ಹಿಡಿತದಲ್ಲಿ ಸಿಕ್ಕಿಕೊಂಡಿರುತ್ತದೆ. ನೀರು ಒಳಹೊಕ್ಕಾಗ ಚೂರುಗಳು ಹಿಗ್ಗುವುದಷ್ಟೇ ಅಲ್ಲ, ನೀರಿಗೆ ನಿಲ್ಲದ ಈ ಅಂಟು ಅಲ್ಲಲ್ಲಿ ಬಿಟ್ಟುಕೊಡುವುದರಿಂದ ಅವು ತಮ್ಮ ಮೂಲ ಆಕಾರಕ್ಕೆ ಮರಳುತ್ತವೆ. ಬಿಸಿಲು ನೀರನ್ನು ತೆಗೆಯಬಲ್ಲದು; ಬಿಟ್ಟ ಅಂಟನ್ನು ಮತ್ತೆ ಕೂಡಿಸಲಾರದು. ದಾವಣಗೆರೆಯವರಿಗೆ ಮಂಡಕ್ಕಿಯ ಉಪಮೆ ಕೊಡಬೇಕೆಂಬ ಆಸೆ ನನಗಿದೆಯಾದರೂ ಇಲ್ಲಿ ಹೊಂದುವುದು ಅವಲಕ್ಕಿಯೇ. ಒತ್ತಿ ಚಪ್ಪಟೆ ಮಾಡಿದ ಅವಲಕ್ಕಿಯನ್ನು ನೀರಿನಲ್ಲಿ ನೆನೆಸಿ, ಊದಿದ ಮೇಲೆ ಮೊರದಲ್ಲಿ ಹರವಿ ಒಣಗಿಸಿ ನೋಡಿ. ಕೈಗೆ ಸಿಗುವುದು ಒಣ ಮುದ್ದೆಯೇ ಹೊರತು ಅವಲಕ್ಕಿಯಲ್ಲ.

ನನ್ನ ಮನೆಯಲ್ಲಿಯೇ ಇದನ್ನು ಅಳೆದು ನೋಡಿದ್ದೇನೆ. 18 ಮಿಲಿಮೀಟರ್ ದಪ್ಪದ ಹಲಗೆಯ ಬುಡ ನೆನೆದು 23ಕ್ಕೆ ಏರಿತ್ತು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮೂರು ವಾರ ತಾರಸಿಯ ಮೇಲಿಟ್ಟ ಬಳಿಕ ಅದು 22ಕ್ಕೆ ಇಳಿಯಿತು. ಬಿಸಿಲು ವಾಪಸು ಕೊಟ್ಟದ್ದು ಒಂದೇ ಮಿಲಿಮೀಟರ್. ಆ ವೇಳೆಗೆ ಮೇಲಿನ ಸನ್‌ಮೈಕಾ ಹಪ್ಪಳದಂತೆ ಎದ್ದಿತ್ತು, ಅಂಚನ್ನು ಉಗುರಿನಿಂದ ಕೆರೆದರೆ ಹೊಟ್ಟು ರವೆಯಂತೆ ಉದುರುತ್ತಿತ್ತು.

ಇನ್ನು ಭಾರದ ವಿಚಾರ. ಕಾರ್ಖಾನೆಯಲ್ಲಿ ಈ ಹಲಗೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 20ರಿಂದ 30 ಕಿಲೋ ಒತ್ತಡ ಬೀಳುತ್ತದೆ. ಅಡುಗೆಮನೆಯ ತುಂಬಿದ ಸಿಲಿಂಡರಿನ ಒಟ್ಟು ತೂಕವೇ ಹೆಚ್ಚುಕಡಿಮೆ 30 ಕಿಲೋ. ಎಂದರೆ ಕಿರುಬೆರಳ ಉಗುರಿನಷ್ಟು ಜಾಗಕ್ಕೆ ಒಂದೊಂದು ಸಿಲಿಂಡರ್ ಬೇಕು, ಅದೂ ಕಾದ ತಗಡಿನ ಸಮೇತ. ಹಾಗಾದರೆ ರುಬ್ಬುವ ಕಲ್ಲು ಏನು ಮಾಡೀತು ಎಂಬುದನ್ನು ತಾವೇ ಊಹಿಸಬಹುದು.

ಈಗ ಮಾಡಬೇಕಾದ ಕೆಲಸಕ್ಕೆ ಬರೋಣ. ಸೋರಿಕೆಯನ್ನು ನಿಲ್ಲಿಸಿ, ಹಲಗೆಯನ್ನು ಬಿಚ್ಚಿ ನೆರಳಿನಲ್ಲಿ ಫ್ಯಾನಿನ ಗಾಳಿಗೆ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಊದಿದ ಅಂಚನ್ನು ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದು ಸ್ವಲ್ಪವೇ ಬಾಯಿ ಬಿಟ್ಟಿದ್ದರೆ, ನೀರಿಗೆ ತಡೆಯುವ ಮರದ ಅಂಟನ್ನು ಸಿರಿಂಜಿನಿಂದ ಬಿರುಕಿನೊಳಕ್ಕೆ ತುಂಬಿ, ಎರಡೂ ಬದಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಮರದ ಪಟ್ಟಿಯಿಟ್ಟು ಕ್ಲ್ಯಾಂಪಿನಿಂದ 24 ಗಂಟೆ ಬಿಗಿಯಿರಿ. ಹಳೆಯ ದಪ್ಪ ಮರಳಿ ಬಾರದು, ಆದರೆ ಉದುರುವುದು ನಿಲ್ಲುತ್ತದೆ. ಮಿಕ್ಕ ಉಬ್ಬನ್ನು ಉಜ್ಜುಕಾಗದದಿಂದ ತೀಡಬಹುದು. ತುದಿ ಒಳಗಿಳಿದು ಹೊಟ್ಟು ಹೊರಬಂದರೆ ಅಂಟನ್ನು ವ್ಯರ್ಥ ಮಾಡಬೇಡಿ. ಪಕ್ಕದ ಹಲಗೆಯಾದರೆ ಹಾಳಾದ ಬುಡವನ್ನು ಮೂರು ನಾಲ್ಕು ಇಂಚು ಕೊಯ್ದು ತೆಗೆದು, ಆ ಎತ್ತರಕ್ಕೆ ಪಿವಿಸಿ ಕಾಲು ಕೂರಿಸಿ. ಸಿಂಕಿನ ತಳದ ಹಲಗೆಯಾದರೆ ಅದನ್ನು ಪೂರ್ತಿ ತೆಗೆದು ಐಎಸ್ 710 ಗುರುತಿನ (ನೀರಿಗೆ ನಿಲ್ಲುವ ಮರೀನ್ ದರ್ಜೆಯ) ಪ್ಲೈವುಡ್ ಹಾಕಿಸಿ. ಅಳತೆಗೆ ಕೊಯ್ಸಿದ ಕಡಪ ಕಲ್ಲಾದರೆ ಇನ್ನೂ ನಿಶ್ಚಿಂತೆ.

ಹಿಂಜಿನ ತೂತು ದೊಡ್ಡದಾದಾಗ ಬೆಂಕಿಕಡ್ಡಿ ತುರುಕುವುದು ನಾಲ್ಕು ತಿಂಗಳ ಉಪಾಯ. ಆ ತೂತನ್ನು 8 ಮಿಲಿಮೀಟರ್ ಡ್ರಿಲ್ ಬಿಟ್ಟಿನಿಂದ 15 ಮಿಲಿಮೀಟರ್ ಆಳಕ್ಕೆ ಕೊರೆದು (ಬಿಟ್ಟಿಗೆ ಟೇಪು ಸುತ್ತಿ ಆಳವನ್ನು ಗುರುತು ಮಾಡದಿದ್ದರೆ ಬಾಗಿಲಿನ ಮುಖದಲ್ಲಿ ತೂತು ಕಾಣಿಸಿಕೊಳ್ಳುವುದು ಖಂಡಿತ), ಅದೇ ಅಳತೆಯ ಮರದ ಗೂಟಕ್ಕೆ ಫೆವಿಕಾಲ್ ಹಚ್ಚಿ ಬಡಿದು ಕೂರಿಸಿ. ಮರುದಿನ ಮೇಲ್ಮೈಗೆ ಸಮನಾಗಿ ಕೊಯ್ದು, 2.5 ಮಿಲಿಮೀಟರ್ ತೂತು ಹಾಕಿ, ಅದರ ಬಳಿಕವೇ ಸ್ಕ್ರೂ ತಿರುಗಿಸಿ. ಮತ್ತೆ ಜೋಡಿಸುವ ಮೊದಲು ಪೈಪಿಗಾಗಿ ಕೊರೆದ ಕಿಂಡಿಯ ಒಳಮೈಗೆ ಎರಡು ಸಲ ವಾರ್ನಿಶ್ ಹಚ್ಚುವುದನ್ನು ಮರೆಯಬಾರದು. ಈ ಹಲಗೆ ನೀರು ಕುಡಿಯುವುದು ಸನ್‌ಮೈಕಾ ಹಚ್ಚಿದ ಮುಖದಿಂದಲ್ಲ, ಹೀಗೆ ಬೆತ್ತಲೆ ಉಳಿದ ಕೊಯ್ದ ಅಂಚಿನಿಂದ.

ಕೊಯ್ದು ತೆಗೆದ ತುಂಡುಗಳನ್ನು ಏನು ಮಾಡಬೇಕೆಂದು ತಾವು ಕೇಳಿಲ್ಲ. ಯಾರೂ ಕೇಳುವುದಿಲ್ಲ, ನೇರವಾಗಿ ಬಚ್ಚಲಿನ ಹಂಡೆಯ ಒಲೆಗೆ ಹಾಕುತ್ತಾರೆ. ಬೆಣ್ಣೆದೋಸೆಯ ಕಾವಲಿಯ ಕೆಳಗೆ ಉರಿಯುವ ಸೌದೆಯೂ ಇದೂ ಒಂದೇ ಅಲ್ಲ. ನೀರಿಗೆ ಸೋತ ಅದೇ ಅಂಟು ಬೆಂಕಿಯಲ್ಲಿ ಫಾರ್ಮಾಲ್ಡಿಹೈಡ್, ಹೈಡ್ರೋಜನ್ ಸೈನೈಡ್‌ನಂತಹ ವಿಷಾನಿಲಗಳನ್ನು ಬಿಡುತ್ತದೆ. ಕಣ್ಣು ಉರಿಯುವುದು ಬರಿಯ ಹೊಗೆಯಿಂದಲ್ಲ. ಗಟ್ಟಿಯಾಗಿ ಉಳಿದ ತುಂಡುಗಳನ್ನು ಕ್ಲ್ಯಾಂಪಿನ ಕೆಳಗಿಡಲು ಇಟ್ಟುಕೊಂಡು, ಮಿಕ್ಕದ್ದನ್ನು ಪಾಲಿಕೆಯ ಗಾಡಿಗೆ ಒಣ ಕಸದ ಜೊತೆ ಕೊಡಿ. ಆಮೇಲೆ ನೋಡೋಣವೆಂದು ಹಿತ್ತಲ ಗೋಡೆಗೆ ಒರಗಿಸಿ ಬಿಡಬೇಡಿ: ಗೆದ್ದಲು ಅದರಲ್ಲಿ ನೆಲೆಯೂರಿ, ಅಲ್ಲಿಂದ ಬಾಗಿಲಿನ ಚೌಕಟ್ಟಿಗೆ ದಾರಿ ಮಾಡಿಕೊಂಡರೆ ಸಿಂಕಿನ ಕಪಾಟಿನ ಚಿಂತೆ ಬಹಳ ಸಣ್ಣದಾಗಿ ಕಾಣುತ್ತದೆ.