15 ಇಂಚೋ, 17 ಇಂಚೋ? ಮೊದಲು ರಿಮ್ಮನ್ನು ಕಾಟಾ ಮೇಲಿಡಿ

ಪ್ರಶ್ನೆ: ನನ್ನದು 2015ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಕಾರು. ಊರು ಬೆಳಗಾವಿ, ಟಿಳಕವಾಡಿ. ತಿಂಗಳಿಗೊಮ್ಮೆಯಾದರೂ ಚೋರ್ಲಾ ಘಾಟ್ ಮಾರ್ಗವಾಗಿ ಗೋವಾಕ್ಕೆ ಹೋಗಿ ಬರುತ್ತೇನೆ. ಕಾರು ಇನ್ನಷ್ಟು ಚುರುಕಾಗಲಿ ಎಂದು ಹಗುರವಾದ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ ರಿಮ್) ಹಾಕಿಸಬೇಕೆಂದಿದ್ದೇನೆ. ಅಂಗಡಿಯವರು 17 ಇಂಚಿನದನ್ನೇ ಹಾಕಿಸಿ ಎನ್ನುತ್ತಾರೆ, ಗೆಳೆಯರು 15 ಸಾಕು ಎನ್ನುತ್ತಾರೆ. ಯಾವುದು ಸರಿ? ಹಗುರ ಎಂದರೆ ಎಷ್ಟು ಹಗುರ ಇರಬೇಕು?

ಉತ್ತರ: ನಿಮ್ಮ ಗೆಳೆಯರ ಮಾತು ಸರಿ. ನಿಮ್ಮ ಕಾರಿಗೆ, ನೀವು ಓಡಾಡುವ ರಸ್ತೆಗೆ 15 ಇಂಚಿನ, ಆರು ಅಥವಾ ಆರೂವರೆ ಇಂಚು ಅಗಲದ, ಫ್ಲೋ ಫಾರ್ಮಿಂಗ್ ವಿಧಾನದಲ್ಲಿ (ಎರಕದ ರಿಮ್ಮನ್ನು ರೋಲರ್‌ಗಳಿಂದ ಒತ್ತಿ ತೆಳ್ಳಗೆ ಮಾಡುವುದು) ತಯಾರಾದ ಅಲಾಯ್ ಹಾಕಿಸಿ. ಒಂದೊಂದರ ತೂಕ ಆರೂವರೆ ಕಿಲೊ ಒಳಗಿರಲಿ. 17 ಇಂಚಿನದು ಬೇಡ.

ಅಂಗಡಿಯಲ್ಲಿ ಅಲಾಯ್ ಮಾರುವಾಗ ಇಂಚು, ಬಣ್ಣ, ವಿನ್ಯಾಸಗಳ ಮಾತು ಬೇಕಾದಷ್ಟು ಬರುತ್ತದೆ, ಕಿಲೊ ಮಾತು ಬರುವುದೇ ಇಲ್ಲ. ಕಾರ್ಖಾನೆಯಿಂದ ಬರುವ 15 ಇಂಚಿನ ಅಲಾಯ್ ಸಾಮಾನ್ಯವಾಗಿ ಏಳೆಂಟು ಕಿಲೊ ಇರುತ್ತದೆ. ಅಗ್ಗದ 17 ಇಂಚಿನ ಎರಕದ ಅಲಾಯ್ ಒಂಬತ್ತು, ಹತ್ತು ಕಿಲೊ, ಕೆಲವೊಮ್ಮೆ ಅದಕ್ಕೂ ಹೆಚ್ಚು ತೂಗುತ್ತದೆ. ಹಗುರ ಮಾಡಿಸಲು ಹೋಗಿ ಚಕ್ರಕ್ಕೆ ಎರಡು ಕಿಲೊ ಹೆಚ್ಚಿಸಿಕೊಂಡು ಬರುವವರೇ ಬಹಳ. ಅಲಾಯ್ ಎಂದ ಮಾತ್ರಕ್ಕೆ ಅದು ಉಕ್ಕಿನ ರಿಮ್‌ಗಿಂತ ಹಗುರ ಎಂದೂ ಹೇಳಲಾಗದು. ಅದಕ್ಕಾಗಿ ಅಂಗಡಿಗೆ ಹೋದಾಗ ಪೆಟ್ಟಿಗೆಯಿಂದ ಒಂದು ರಿಮ್ ತೆಗೆಸಿ, ಕಾಟಾ ಮೇಲೆ ಇಡಲು ಹೇಳಿ. ಅಂಗಡಿಯಲ್ಲಿ ಕಾಟಾ ಇಲ್ಲದಿದ್ದರೆ ಪಕ್ಕದ ಕಿರಾಣಿ ಅಂಗಡಿಯಲ್ಲಿ ಇದ್ದೇ ಇರುತ್ತದೆ. ತೂಗಲು ಒಪ್ಪದವರ ಬಳಿ ಹಗುರವಾದ ಚಕ್ರ ಕೊಳ್ಳುವುದು ಬೇಡ.

ತೂಕ ಇಳಿದರೆ ಏನು ಸಿಗುತ್ತದೆ ಎಂಬುದನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ಚಕ್ರದ ಒಂದು ಕಿಲೊ ಕಾರಿನ ಹತ್ತು ಕಿಲೊಗೆ ಸಮ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದು ನಿಜವಲ್ಲ. ಚಕ್ರ ಮುಂದಕ್ಕೂ ಸಾಗಬೇಕು, ತನ್ನ ಸುತ್ತಲೂ ತಿರುಗಬೇಕು. ಹಾಗಾಗಿ ವೇಗ ಏರಿಸುವಾಗ ಅದರ ತೂಕಕ್ಕೆ ಸ್ವಲ್ಪ ಹೆಚ್ಚು ಲೆಕ್ಕ. ನಿಮ್ಮ 185/60 ಆರ್15 ಟೈರಿನ (ಅಗಲ 185 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡಾ 60, ರಿಮ್ 15 ಇಂಚು) ಹೊರ ಅಂಚು ನಡುವಿನಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿದೆ, ರಿಮ್‌ನ ಅಂಚು 19–20 ಸೆಂಟಿಮೀಟರ್ ದೂರದಲ್ಲಿದೆ. ಆ ಲೆಕ್ಕದಲ್ಲಿ ರಿಮ್‌ನ ಅಂಚಿನ ಒಂದು ಕಿಲೊ ಸುಮಾರು 1.4 ಕಿಲೊನಂತೆ ವರ್ತಿಸುತ್ತದೆ. ಟೈರಿನ ಹೊರಮೈಯ ಒಂದು ಕಿಲೊ ಹತ್ತಿರ ಹತ್ತಿರ ಎರಡು ಕಿಲೊನಂತೆ. ನಾಲ್ಕು ಚಕ್ರಗಳಿಂದ ಆರು ಕಿಲೊ ಇಳಿಸಿದಿರಿ ಎಂದುಕೊಳ್ಳಿ, 1,100 ಕಿಲೊ ಆಸುಪಾಸಿನ ಕಾರಿಗೆ ಅದು ಡಿಕ್ಕಿಯಿಂದ ಒಂದು ಸಣ್ಣ ಬ್ಯಾಗ್ ಇಳಿಸಿದಂತೆ, ಅಷ್ಟೇ. ಹಸಿರು ದೀಪ ಬಿದ್ದಾಗ ಕಾರು ಚಿಮ್ಮುತ್ತದೆ ಎಂಬ ಆಸೆ ಇಟ್ಟುಕೊಳ್ಳಬೇಡಿ.

ಲಾಭ ಸಿಗುವುದು ಬೇರೆ ಕಡೆ. ಸ್ಪ್ರಿಂಗ್‌ನ ಕೆಳಗಿರುವ ರಿಮ್, ಟೈರ್, ಬ್ರೇಕ್, ಹಬ್ (ಚಕ್ರ ಕೂರುವ ನಡುಭಾಗ) ಎಲ್ಲ ಸೇರಿ ಕಾರಿನ ಒಂದು ಮೂಲೆಗೆ ಮೂವತ್ತು ಮೂವತ್ತೈದು ಕಿಲೊ ಆಸುಪಾಸು ಇರುತ್ತದೆ. ಅದರಲ್ಲಿ ಎರಡು ಕಿಲೊ ಇಳಿದರೆ ಸಣ್ಣ ಮಾತಲ್ಲ. ಪೀರನವಾಡಿ ದಾಟಿ ಜಾಂಬೋಟಿಯ ಕಡೆ ತಿರುಗಿ, ಕಣಕುಂಬಿಯ ಕಾಡಿನ ನಡುವೆ ಹೋಗುವ ರಸ್ತೆಯನ್ನು ನೆನಪಿಸಿಕೊಳ್ಳಿ. ತೇಪೆ ಹಾಕಿದ ಡಾಂಬರು, ಅದರ ಮೇಲೆ ತಿರುವು. ಉಬ್ಬಿನ ಮೇಲೆ ಹಾರಿದ ಚಕ್ರ ಹಗುರವಾಗಿದ್ದರೆ ಸ್ಪ್ರಿಂಗ್ ಅದನ್ನು ಬೇಗ ರಸ್ತೆಗೆ ಒತ್ತಿ ತರುತ್ತದೆ. ಟೈರ್ ರಸ್ತೆಗೆ ತಾಗಿಕೊಂಡಿರುವ ಹೊತ್ತು ಹೆಚ್ಚುತ್ತದೆ, ತಿರುವಿನ ನಡುವೆ ಉಬ್ಬು ಬಂದರೂ ಸ್ಟೇರಿಂಗ್ ಕೈ ಬಿಡುವುದಿಲ್ಲ. ಮಳೆಗಾಲದಲ್ಲಿ ಆ ಘಾಟ್ ಇಳಿಯುವವರಿಗೆ ಇದರ ಬೆಲೆ ಗೊತ್ತು.

ಅದೇ ರಸ್ತೆಯೇ 17 ಇಂಚನ್ನು ಬೇಡ ಎನ್ನುವುದಕ್ಕೂ ಕಾರಣ. 185/60 ಆರ್15 ಟೈರಿನ ಪಕ್ಕದ ಗೋಡೆಯ ಎತ್ತರ 111 ಮಿಲಿಮೀಟರ್. 17 ಇಂಚಿಗೆ ಹೋದರೆ ಒಟ್ಟು ಎತ್ತರ ಹೊಂದಲು 215/40 ಹಾಕಬೇಕು, ಅದರ ಗೋಡೆ 86 ಮಿಲಿಮೀಟರ್. ಗುಂಡಿಯ ಅಂಚಿಗೆ ಬಡಿದಾಗ ಪೆಟ್ಟು ನುಂಗುವ 25 ಮಿಲಿಮೀಟರ್ ರಬ್ಬರು ಕಡಿಮೆಯಾಯಿತು. ಮೊದಲ ಮಳೆಗಾಲ ಮುಗಿಯುವುದರೊಳಗೆ ಬೆಂಡ್ ತೆಗೆಸಲು ಹೋಗಿ ನಿಲ್ಲಬೇಕಾಗುತ್ತದೆ. ನೀವು ಒಂದು ಹೆಜ್ಜೆ ಹೆಚ್ಚು ಹಿಡಿತ ಬಯಸುವುದಾದರೆ 195/60 ಆರ್15 ಹಾಕಿಸಿ. ಎತ್ತರ ಶೇಕಡಾ 2ರಷ್ಟು ಮಾತ್ರ ಹೆಚ್ಚುತ್ತದೆ, ಗೋಡೆ 117 ಮಿಲಿಮೀಟರ್ ಆಗುತ್ತದೆ. ಒಂದೇ ಅಳತೆಯ ಟೈರುಗಳಲ್ಲೂ ಕಂಪನಿಯಿಂದ ಕಂಪನಿಗೆ ತೂಕ ಬೇರೆ ಇರುತ್ತದೆ. ಟೈರನ್ನೂ ತೂಗಿ ನೋಡಿ, ರಿಮ್‌ನಲ್ಲಿ ಉಳಿಸಿದ್ದನ್ನು ಟೈರಿನಲ್ಲಿ ಕಳೆಯಬೇಡಿ.

ಇನ್ನು ರಿಮ್ ಮಾಡುವ ಬಗೆ. ಇದನ್ನು ಬೆಳಗಾವಿಯವರಿಗೆ ವಿವರಿಸುವುದು ಸುಲಭ, ಉದ್ಯಮಬಾಗದ ಫೌಂಡ್ರಿಗಳ ಊರಿದು. ಅಚ್ಚಿನೊಳಗೆ ಕರಗಿದ ಲೋಹವನ್ನು ಸುಮ್ಮನೆ ಸುರಿದರೆ ಒಳಗೆ ಎಲ್ಲೋ ಗಾಳಿಗುಳ್ಳೆ ಉಳಿಯಬಹುದು ಎಂಬುದು ಅಲ್ಲಿ ದುಡಿದ ಯಾರಿಗಾದರೂ ಗೊತ್ತು. ಅಲಾಯ್ ತಯಾರಕರು ಆ ಅನುಮಾನಕ್ಕೆ ಗೋಡೆಯನ್ನು ದಪ್ಪ ಮಾಡುತ್ತಾರೆ, ತೂಕ ಏರುತ್ತದೆ. ಕಡಿಮೆ ಒತ್ತಡದಲ್ಲಿ ಲೋಹವನ್ನು ಕೆಳಗಿನಿಂದ ಮೇಲಕ್ಕೆ ಅಚ್ಚಿಗೆ ಏರಿಸುವ ಲೋ ಪ್ರೆಶರ್ ಎರಕ ಇದಕ್ಕಿಂತ ಒಳ್ಳೆಯದು. ಫ್ಲೋ ಫಾರ್ಮಿಂಗ್‌ನಲ್ಲಿ ಮೊದಲು ಎರಕ ಹೊಯ್ದು, ಆಮೇಲೆ ಬಿಸಿ ರಿಮ್ಮನ್ನು ತಿರುಗಿಸುತ್ತಾ, ಟೈರ್ ಕೂರುವ ಸುತ್ತುಗೋಡೆಯನ್ನು ರೋಲರ್‌ಗಳಿಂದ ಒತ್ತಿ ಎಳೆಯುತ್ತಾರೆ. ಲೋಹ ಒತ್ತಾಗುತ್ತದೆ, ಗೋಡೆ ತೆಳ್ಳಗಾಗುತ್ತದೆ, ಬಲ ಕುಂದುವುದಿಲ್ಲ. ತೂಕ ಕಡಿಮೆಯಾಗುವುದು ಹೊರ ಸುತ್ತಿನಲ್ಲಿ, ನಮಗೆ ಬೇಕಾದದ್ದೂ ಅಲ್ಲಿಯೇ. ಎಲ್ಲಕ್ಕೂ ಮೇಲಿನದು ಫೋರ್ಜಿಂಗ್. ಅಲ್ಯೂಮಿನಿಯಂ ಗಟ್ಟಿಯನ್ನು ಭಾರಿ ಪ್ರೆಸ್‌ನಲ್ಲಿ ಅದುಮಿ, ಬಳಿಕ ಯಂತ್ರದಲ್ಲಿ ಕೊರೆಯುವುದು. ನಮ್ಮ ಹತ್ತರಗಿಯ ಏರೋಸ್ಪೇಸ್ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಭಾಗಗಳಿಗೆ ಬಳಸುವ ವಿದ್ಯೆಯೂ ಇದೇ. ಫೋರ್ಜ್ ಆದ ರಿಮ್ ಬಹಳ ಹಗುರ, ಬಹಳ ಗಟ್ಟಿ, ಬೆಲೆ ಎರಕದ ರಿಮ್‌ನ ಹಲವು ಪಟ್ಟು. ಘಾಟ್ ರಸ್ತೆಯಲ್ಲಿ ಓಡಾಡುವ ಕಾರಿಗೆ ಫ್ಲೋ ಫಾರ್ಮಿಂಗ್ ಸಾಕು. ಮಿಕ್ಕ ಹಣವನ್ನು ಒಳ್ಳೆಯ ಟೈರಿಗೆ ಹಾಕಿ.

ನಕಲುಗಳ ಬಗ್ಗೆ ಎಚ್ಚರ ಇರಲಿ. ಜಪಾನಿನ ರೇಸ್ (RAYS) ಎಂಬ ಹೆಸರಿನ ಕಂಪನಿ 1996ರಲ್ಲಿ ತಂದ ಟಿಇ37 ಎಂಬ ಆರು ಕಡ್ಡಿಯ ಫೋರ್ಜ್ ಮಾಡಿದ ರಿಮ್‌ಗೆ ಆ ಹೆಸರು ಬಂದದ್ದೇ 15 ಇಂಚಿನ, ಆರು ಇಂಚು ಅಗಲದ ಅಳತೆಯಲ್ಲಿ ಅದರ ತೂಕ 3.7 ಕಿಲೊ ಇದ್ದುದರಿಂದ. ನೋಟದಲ್ಲಿ ಅದನ್ನೇ ಹೋಲುವ ಎರಕದ ರಿಮ್‌ಗಳು ಎಲ್ಲೆಡೆ ಸಿಗುತ್ತವೆ. ಅವುಗಳಲ್ಲಿ ಆ ತೂಕವೂ ಇಲ್ಲ, ಆ ಬಲವೂ ಇಲ್ಲ.

ಹಗುರವಾದದ್ದೆಲ್ಲ ಗಟ್ಟಿಯಲ್ಲ ಎಂಬ ಕಾರಣಕ್ಕೆ ರಿಮ್ಮನ್ನು ಮಗುಚಿ, ಕಡ್ಡಿಗಳ ಹಿಂಬದಿ ಓದಿ. ಅಲ್ಲಿ ಅಳತೆ 15×6.5ಜೆ (ವ್ಯಾಸ 15, ಅಗಲ 6.5 ಇಂಚು) ಎಂದು, ಆಫ್‌ಸೆಟ್ (ರಿಮ್‌ನ ಅಗಲದ ನಡುಗೆರೆಯಿಂದ ಅದು ಹಬ್‌ಗೆ ತಾಗುವ ಮುಖಕ್ಕಿರುವ ದೂರ, ಮಿಲಿಮೀಟರ್‌ನಲ್ಲಿ) ಇಟಿ ಎಂಬ ಅಕ್ಷರಗಳ ಮುಂದೆ, ಹೊರುವ ತೂಕ ಕಿಲೊ ಲೆಕ್ಕದಲ್ಲಿ ಅಚ್ಚಾಗಿರಬೇಕು. ನಿಮ್ಮ ಕಾರಿಗೆ ಚಕ್ರವೊಂದಕ್ಕೆ 500 ಕಿಲೊಗಿಂತ ಕಡಿಮೆ ಇರುವುದನ್ನು ಮುಟ್ಟಬೇಡಿ. ಜೆಡಬ್ಲ್ಯೂಎಲ್ ಎಂಬುದು ಜಪಾನಿನ ಮಾನದಂಡದ ಗುರುತು, ಅದನ್ನು ತಯಾರಕರೇ ಪರೀಕ್ಷಿಸಿ ಹಾಕಿಕೊಳ್ಳುತ್ತಾರೆ. ವಿಐಎ ಎಂದು ಜತೆಗಿದ್ದರೆ ಹೊರಗಿನ ಸಂಸ್ಥೆಯೂ ನೋಡಿದೆ ಎಂದರ್ಥ. ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಐಎಸ್ 16192 ಮಾನದಂಡವಿದೆ, ಐಎಸ್‌ಐ ಗುರುತನ್ನು ಕೇಳಿ. ಹಿಂಬದಿ ಖಾಲಿ ಇದ್ದರೆ ಅಲ್ಲಿಂದ ಎದ್ದು ಬನ್ನಿ. ಹಳೆಯ ಅಲಾಯ್ ಕೊಳ್ಳುವವರು ಒಳ ಅಂಚಿನಲ್ಲಿ ವೆಲ್ಡಿಂಗ್ ಗುರುತು ಹುಡುಕಿ. ವೆಲ್ಡ್ ಮಾಡಿದ ಜಾಗದಲ್ಲಿ ಅಲ್ಯೂಮಿನಿಯಂಗೆ ಕೊಟ್ಟ ಶಾಖೋಪಚಾರ ಹಾಳಾಗಿರುತ್ತದೆ, ಅಂಥದ್ದು ಎಷ್ಟೇ ಅಗ್ಗವಾದರೂ ಬೇಡ.

ಹೊಂದಾಣಿಕೆ ವಿಷಯದಲ್ಲಿ ಪೋಲೊಗೆ ಪಿಸಿಡಿ 5×100 (100 ಮಿಲಿಮೀಟರ್ ವ್ಯಾಸದ ವೃತ್ತದ ಮೇಲೆ ಐದು ಬೋಲ್ಟ್), ನಡುವಿನ ರಂಧ್ರ 57.1 ಮಿಲಿಮೀಟರ್. ಸ್ವಿಫ್ಟ್‌ನ 4×100 ಇದಕ್ಕೆ ಕೂರುವುದಿಲ್ಲ. ಅಡಾಪ್ಟರ್ ಹಾಕಿ ಕೂರಿಸಿಕೊಡುತ್ತೇವೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಹೊರಗೆ ಕೊಳ್ಳುವ ರಿಮ್‌ಗಳ ನಡುವಿನ ರಂಧ್ರ ಸಾಮಾನ್ಯವಾಗಿ ದೊಡ್ಡದಿರುತ್ತದೆ. ಆ ಸಂದು ತುಂಬುವ ಹಬ್ ರಿಂಗ್ ಹಾಕಿಸದಿದ್ದರೆ ಚಕ್ರ ಸರಿಯಾಗಿ ನಡುವೆ ಕೂರದೆ ಹೆದ್ದಾರಿಯ ವೇಗದಲ್ಲಿ ಸ್ಟೇರಿಂಗ್ ನಡುಗಬಹುದು. ಆಫ್‌ಸೆಟ್ ಹಳೆಯ ರಿಮ್‌ಗೆ ಹತ್ತಿರವೇ ಇರಲಿ. ಉದಾಹರಣೆಗೆ 6ಜೆ ಇಟಿ40 ತೆಗೆದು 7ಜೆ ಇಟಿ35 ಹಾಕಿದರೆ ಚಕ್ರದ ಹೊರ ಅಂಚು ಸುಮಾರು 18 ಮಿಲಿಮೀಟರ್ ಹೊರಗೆ ಬರುತ್ತದೆ. ನೋಡಲು ಚೆಂದ, ಬೇರಿಂಗ್‌ಗೆ ಹೊರೆ. ವಿಮೆಯವರಿಗೂ ಹೊಸ ರಿಮ್ ವಿಷಯ ತಿಳಿಸಿಬಿಡಿ.

ಬೋಲ್ಟ್ ಬಗ್ಗೆ ಅಂಗಡಿಗಳಲ್ಲಿ ಗಮನ ಕಡಿಮೆ, ಆದರೆ ಪ್ರಾಣ ನಿಂತಿರುವುದು ಅದರ ಮೇಲೆ. ಫೋಕ್ಸ್‌ವ್ಯಾಗನ್ ಬೋಲ್ಟ್‌ನ ಕೂರುವ ಭಾಗ ಗೋಳಾಕಾರ. ಹೊರಗಿನ ಬಹುತೇಕ ಅಲಾಯ್‌ಗಳ ತೂತು ಶಂಕುವಿನಾಕಾರ. ಗೋಳವನ್ನು ಶಂಕುವಿಗೆ ಬಿಗಿದರೆ ತಾಗುವುದು ತೆಳ್ಳನೆಯ ಒಂದು ಗೆರೆಯಷ್ಟೇ, ಅದು ಸಡಿಲವಾಗುತ್ತದೆ. ಹೊಸ ಬೋಲ್ಟ್‌ನ ಕೂರುವ ಭಾಗಕ್ಕೆ ಮಾರ್ಕರ್ ಶಾಯಿ ಬಳಿದು, ಕೈಯಿಂದ ಬಿಗಿದು, ಬಿಚ್ಚಿ ನೋಡಿ. ಶಾಯಿ ಅಗಲವಾದ ಪಟ್ಟಿಯಾಗಿ ಅಳಿಸಿದ್ದರೆ ಸರಿ, ದಾರದಂಥ ಗೆರೆ ಮೂಡಿದ್ದರೆ ಆ ಬೋಲ್ಟ್ ಬೇಡ. ಎಂ14×1.5 ಅಳತೆಯ ಬೋಲ್ಟ್ ಕನಿಷ್ಠ ಏಳೆಂಟು ಸುತ್ತು ಒಳಗೆ ಹೋಗಬೇಕು. ಅತಿ ಉದ್ದವಾದರೂ ಹಿಂದಿನ ಬ್ರೇಕ್ ಡ್ರಮ್‌ನ ಒಳಭಾಗಕ್ಕೆ ತಾಗುತ್ತದೆ. ಗಾಳಿ ಗನ್‌ನಿಂದ ಬಿಗಿಯಲು ಬಿಡಬೇಡಿ, ಟಾರ್ಕ್ ರೆಂಚ್‌ನಲ್ಲಿ 120 ನ್ಯೂಟನ್ ಮೀಟರ್‌ಗೆ ಬಿಗಿಸಿ, ನೂರು ಕಿಲೊಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿ. ಹಳೆಯ ಗೋಳಾಕಾರದ ಬೋಲ್ಟ್‌ಗಳನ್ನು ಎಸೆಯಬೇಡಿ. ನಿಮ್ಮ ಸ್ಟೆಪ್ನಿ ಉಕ್ಕಿನದು, ಅದಕ್ಕೆ ಹೊಂದುವುದು ಅವು ಮಾತ್ರ. ಐದನ್ನು ಒಂದು ಬಟ್ಟೆಯಲ್ಲಿ ಸುತ್ತಿ ಜಾಕ್‌ನ ಪಕ್ಕದಲ್ಲಿ ಇಡಿ.